ತೋಟದ ಮೊದಲ ಒಡೆಯರು

1791ನೆಯ ಇಸವಿಯ ಮಾರ್ಚಿ 7ರಂದು ಹಲಸೂರು ಬಾಗಿಲನ್ನು ಮುರಿದು ಬೆಂಗಳೂರಿನ ಪೇಟೆಯನ್ನು ಹೊಕ್ಕ ಸೈನ್ಯದ ಮುಖ್ಯಾಧಿಪತಿಯಾಗಿದ್ದ ಲಾರ್ಡ್ ಕಾರ್ನ್‌ವಾಲಿಸನು, ಅದಕ್ಕೆ ಹತ್ತು ವರ್ಷಗಳ ಮುಂಚೆ, 1781ರ ಅಕ್ಟೋಬರಿನಲ್ಲಿ, ಅಮೆರಿಕದ ವರ್ಜೀನಿಯಾ ಸೀಮೆಯ ಯಾರ್ಕ್‌ಟೌನಿನಲ್ಲಿ ತನ್ನ ಸೈನ್ಯವನ್ನೆಲ್ಲ ಜಾರ್ಜ್ ವಾಷಿಂಗ್ಟನ್ನನಿಗೆ ಒಪ್ಪಿಸಿ ಸೋತು ಬಂದವನು. ಬೆಂಗಳೂರಿನ ತರಗುಪೇಟೆಯ ಧಾನ್ಯದ ಮಂಡಿಗಳಿಗೂ ವರ್ಜೀನಿಯಾದ ಹೊಗೆಸೊಪ್ಪಿನ ತೋಟಗಳಿಗೂ ಏನು ಸಂಬಂಧವೆಂದು ಕೇಳುವವರಿಗೆ ಈ ಒಬ್ಬ ಮನುಷ್ಯನ ಜೀವನವೇ ಅರ್ಧ ಉತ್ತರವಾಗಿದೆ. ಉಳಿದ ಅರ್ಧವು ಅವನು ಸೇವೆ ಸಲ್ಲಿಸಿದ ಸಾಮ್ರಾಜ್ಯವು ಭೂಮಿಯನ್ನು ಕುರಿತು ಎರಡು ಖಂಡಗಳಲ್ಲಿಯೂ ತಳೆದ ದೃಷ್ಟಿಯಲ್ಲಿದೆ. ಸರಕಾರದ ದಫ್ತರದಲ್ಲಿ ಯಾವನ ಹೆಸರು ಒಡೆಯನೆಂದು ದಾಖಲಾಯಿತೋ ಅವನಿಂದಲೇ ಆ ನೆಲದ ಚರಿತ್ರೆ ಆರಂಭವಾಗುತ್ತದೆ, ಅದಕ್ಕೆ ಹಿಂದಿನದೆಲ್ಲವೂ ಬರಿಯ ಕಾಡು, ಬರಿಯ ಪಾಳು ಎಂಬುದೇ ಆ ದೃಷ್ಟಿ. ಇದೇ ಕಾರ್ನ್‌ವಾಲಿಸನು 1793ರಲ್ಲಿ ಬಂಗಾಳದಲ್ಲಿ ಕಾಯಂ ಜಮೀನ್ದಾರಿ ವ್ಯವಸ್ಥೆಯನ್ನು ಸ್ಥಾಪಿಸಿ, ಕಂದಾಯ ಕಟ್ಟುವವನನ್ನೇ ಭೂಮಿಯ ಸ್ವಾಮಿಯನ್ನಾಗಿ ಮಾಡಿದುದು ಆ ದೃಷ್ಟಿಗೆ ತಕ್ಕುದಾಗಿಯೇ ಇತ್ತು.

ಈ ದೃಷ್ಟಿಯು ಸಾಮ್ರಾಜ್ಯದೊಡನೆ ಅಳಿದುಹೋಗಿದ್ದರೆ ಅದನ್ನು ಕುರಿತು ಇಂದು ಬರೆಯಬೇಕಾದ ಪ್ರಮೇಯವಿರುತ್ತಿರಲಿಲ್ಲ. ಅದು ನಮ್ಮ ಮಲೆನಾಡಿನ ಕಾಫಿ ತೋಟಗಳ ವೃತ್ತಾಂತಗಳಲ್ಲಿಯೂ ನಮ್ಮ ಕಾನೂನುಗಳಲ್ಲಿಯೂ ಇನ್ನೂ ಜೀವಂತವಾಗಿದೆ. ಒಡೆತನವೆಂಬುದು ಕಾನೂನಿನ ಒಂದು ಸಂಗತಿಯೇ ಹೊರತು ಚರಿತ್ರೆಯ ಆರಂಭವಲ್ಲವೆಂದೂ, ಒಂದು ತೋಟದ ಮೊದಲ ಒಡೆಯರನ್ನು ಹೆಸರಿಸುವಾಗ ಆ ನೆಲವು ಅದಕ್ಕೆ ಮೊದಲು ಯಾರ ಬಾಳಿಗೆ ಆಧಾರವಾಗಿದ್ದಿತು, ಅದನ್ನು ತೋಟವಾಗಿ ಮಾರ್ಪಡಿಸಿದವರು ಯಾವ ಕಟ್ಟಿಗೆ ಒಳಪಟ್ಟು ದುಡಿದರು ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಮುಂದೆ ಹೋಗುವುದು ನ್ಯಾಯವಲ್ಲವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ವರ್ಜೀನಿಯಾವನ್ನು ನೋಡೋಣ. 1607ರಲ್ಲಿ ಜೇಮ್ಸ್‌ಟೌನಿನಲ್ಲಿ ಇಂಗ್ಲಿಷರ ವಸಾಹತು ನೆಲೆಗೊಂಡ ಹನ್ನೊಂದು ವರ್ಷಗಳ ಮೇಲೆ, 1618ರಲ್ಲಿ, ವರ್ಜೀನಿಯಾ ಕಂಪೆನಿಯು ಭೂಮಿಯ ಹಂಚಿಕೆಗೆ ಒಂದು ನಿಯಮವನ್ನು ಮಾಡಿತು. 1616ಕ್ಕೆ ಮುಂಚೆ ಸ್ವಂತ ಖರ್ಚಿನಿಂದ ಬಂದು ನೆಲೆಸಿದ್ದವರಿಗೆ ತಲಾ 100 ಎಕರೆ; ಅನಂತರ ಬಂದವರಿಗೆ, ಅಥವಾ ಇತರರನ್ನು ಹಡಗಿನ ಕೇವು ಕೊಟ್ಟು ಕರೆತಂದವರಿಗೆ, ತಂದ ಒಂದೊಂದು ತಲೆಗೆ 50 ಎಕರೆ. ನೂರು ಮಂದಿ ಬಡವರನ್ನು ಸಾಗಿಸಬಲ್ಲ ಶ್ರೀಮಂತನು ತನ್ಮೂಲಕ 5,000 ಎಕರೆಗೆ ಒಡೆಯನಾಗಬಹುದಾಗಿತ್ತು. ಕರಾರಿಗೆ ಒಳಪಟ್ಟು ಬಂದ ಆ ನೂರು ಮಂದಿಯ ಪಾಲಿಗೆ ಬಂದುದು ವರ್ಷಗಟ್ಟಲೆಯ ಚಾಕರಿ. 1619ರಲ್ಲಿ ಆಫ್ರಿಕದ ಜನರನ್ನು ಹೊತ್ತ ಹಡಗು ಆ ತೀರಕ್ಕೆ ಬಂದಿತು. ಹಾಗೆ ಸೆರೆಯಾಳುಗಳಾಗಿ ತರಲ್ಪಟ್ಟವರ ತಲೆಗಳೂ ಆ ಶತಮಾನದಲ್ಲಿ ಒಡೆಯರ ಎಕರೆಗಳ ಲೆಕ್ಕಕ್ಕೆ ಸೇರಿದುವು. ದುಡಿಯುವ ಮನುಷ್ಯನು ಭೂಮಿಯನ್ನು ಪಡೆಯಲಿಲ್ಲ. ಅವನ ಹೆಸರಿನಲ್ಲಿ ಬೇರೊಬ್ಬನು ಪಡೆದನು.

ಜೇಮ್ಸ್ ನದಿಯ ದಂಡೆಯ ಫ್ಲವರ್‌ಡ್ಯೂ ಹಂಡ್ರೆಡ್ ಎಂಬ ತೋಟವು ಈ ಪದ್ಧತಿಗೆ ಒಳ್ಳೆಯ ನಿದರ್ಶನ. ಅದರ ಮೊದಲ ಒಡೆಯನು ಗವರ್ನರನಾಗಿದ್ದ ಜಾರ್ಜ್ ಯಾರ್ಡ್ಲಿ. ತೋಟಕ್ಕೆ ಬಂದುದು ಅವನ ಹೆಂಡತಿಯ ತವರುಮನೆಯ ಹೆಸರು. 1624ರಲ್ಲಿ ಅವನು ಅದನ್ನು ಏಬ್ರಹಾಂ ಪಿಯರ್ಸಿ ಎಂಬ ವರ್ತಕನಿಗೆ ಮಾರಿದನು. ಮರುವರ್ಷದ ಆರಂಭದಲ್ಲಿ ನಡೆದ ಜನಗಣತಿಯಲ್ಲಿ ಪಿಯರ್ಸಿಯ ಆಳುಗಳ ಪಟ್ಟಿಯಿದೆ. ಇಂಗ್ಲಿಷ್ ಆಳುಗಳಿಗೆ ಅಲ್ಲಿ ಹೆಸರುಗಳಿವೆ, ಆಫ್ರಿಕದವರಿಗೆ ಹೆಸರಿಲ್ಲ. ಗಂಡಸರು ಇಷ್ಟು, ಹೆಂಗಸರು ಇಷ್ಟು, ಒಬ್ಬಳ ಜೊತೆಗೆ ಒಂದು ಕೂಸು ಎಂಬ ಎಣಿಕೆ ಮಾತ್ರವಿದೆ. ಆ ನೆಲದಲ್ಲಿ ಅದಕ್ಕೆ ಮುಂಚೆ ಮುಸುಕಿನ ಜೋಳವನ್ನು ಬೆಳೆದುಕೊಂಡಿದ್ದ ವೆಯನೋಕ್ ಜನರು ಗಣತಿಗೇ ಬರಲಿಲ್ಲ. 1662ರಲ್ಲಿ ಅದೇ ಪ್ರಾಂತದ ಸಭೆಯು ತಾಯಿಯ ಸ್ಥಿತಿಯೇ ಮಗುವಿನ ಸ್ಥಿತಿಯೆಂದು ಶಾಸನ ಮಾಡಿ, ದಾಸ್ಯವನ್ನು ಗರ್ಭದವರೆಗೂ ವಿಸ್ತರಿಸಿತು. ಕ್ರೌರ್ಯವು ಶಾಸನದ ಶಾಂತಭಾಷೆಯಲ್ಲಿ ನಡೆದುಬಂದ ಬಗೆ ಇದು.

ನಮ್ಮಲ್ಲಿ ಇಂಥದು ನಡೆಯಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುವ ಮುನ್ನ ಮಲೆನಾಡಿನ ಕಡೆಗೆ ತಿರುಗಬೇಕು. ಬಾಬಾ ಬುಡನ್ ಎಂಬ ಸಂತರು ಯೆಮನ್ ದೇಶದ ಮೋಖಾದಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಪ್ರತೀತಿ ಸರ್ವವಿದಿತವಾದುದು. ಅಲ್ಲಿಂದ ಮುಂದೆ ಬಹುಕಾಲ ಕಾಫಿಯು ಹಿತ್ತಿಲ ಗಿಡವಾಗಿದ್ದು, ಅದನ್ನು ವಿಸ್ತಾರವಾದ ತೋಟವಾಗಿ ಬೆಳೆಸುವ ಉದ್ಯಮವು ಹತ್ತೊಂಬತ್ತನೆಯ ಶತಮಾನದಲ್ಲಿ ಐರೋಪ್ಯರಿಂದ ಆರಂಭವಾಯಿತು. ಮದರಾಸಿನ ಪ್ಯಾರಿ ಕಂಪೆನಿಯ ಜಾಲಿ ಎಂಬುವನು ಇದರ ಕಡೆಗೆ ಮೊದಲು ಗಮನವಿಟ್ಟನೆಂದೂ, ಕ್ಯಾನನ್ ಎಂಬುವನು ಬಾಬಾ ಬುಡನ್ ಗಿರಿಗಳ ದಕ್ಷಿಣದ ಎತ್ತರದ ಸಾಲಿನಲ್ಲಿ ತೋಟವನ್ನು ಮಾಡಿದನೆಂದೂ, ಅವನ ಯಶಸ್ಸನ್ನು ಕಂಡು ಗ್ರೀನ್ ಎಂಬುವನು 1843ರಲ್ಲಿ ದಕ್ಷಿಣ ಮಂಜರಾಬಾದಿನ ಐಗೂರಿನ ಹತ್ತಿರ ನೆಲವನ್ನು ಹಿಡಿದನೆಂದೂ, ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದ ಲೂಯಿಸ್ ರೈಸರ ಮೈಸೂರು ಗ್ಯಾಸೆಟಿಯರಿನಿಂದ ನಮಗೆ ತಿಳಿದುಬರುತ್ತದೆ. ಕೊಡಗಿನಲ್ಲಿ ಫೌಲರ್ ಎಂಬುವನು 1854ರಲ್ಲಿ ಮಡಿಕೇರಿಯ ಹತ್ತಿರ ತೋಟ ತೆರೆದನು. ರಾಬರ್ಟ್ ಎಲಿಯಟ್ಟನು ಆ ದಶಕದ ಮಧ್ಯದಲ್ಲಿ ಮಂಜರಾಬಾದಿಗೆ ಬಂದು ನೆಲೆಸಿ, ತನ್ನ ಅನುಭವಗಳನ್ನು 1871ರಲ್ಲಿ ಒಂದು ಪುಸ್ತಕವಾಗಿಯೂ 1894ರಲ್ಲಿ ಇನ್ನೊಂದಾಗಿಯೂ ಪ್ರಕಟಿಸಿದನು. ಮಲೆನಾಡಿನ ಮೊದಲ ತೋಟಗಾರರೆಂದರೆ ನಮ್ಮ ಪುಸ್ತಕಗಳಲ್ಲಿ ಇವರೇ.

ಆದರೆ ಐಗೂರೆಂಬ ಸ್ಥಳದಲ್ಲಿ ಒಂದು ಕ್ಷಣ ನಿಲ್ಲಬೇಕು. ಐಗೂರು, ಬಲಂ ನಾಡನ್ನಾಳಿದ ಪಾಳೆಯಗಾರರ ಪಟ್ಟಣ. ಟೀಪೂ ಸುಲ್ತಾನನ ಪತನಾನಂತರ ಕಂಪೆನಿಗೆ ಮಣಿಯಲೊಲ್ಲದೆ ಕಾಡಿನ ಕೋಟೆಗಳಲ್ಲಿ ನಿಂತು ಹೋರಾಡಿದ ಅಲ್ಲಿಯ ವೆಂಕಟಾದ್ರಿ ನಾಯಕನನ್ನು ಆರ್ಥರ್ ವೆಲ್ಲೆಸ್ಲಿಯ ಸೈನ್ಯವು 1802ರಲ್ಲಿ ಸೋಲಿಸಿತು. ನಾಯಕನನ್ನು ಹಿಡಿದು ಗಲ್ಲಿಗೇರಿಸಲಾಯಿತು. ಅದಾದ 41 ವರ್ಷಗಳ ಮೇಲೆ ಅದೇ ಐಗೂರಿನ ಮಗ್ಗುಲಲ್ಲಿ ಗ್ರೀನನು ಮೊದಲ ತೋಟಗಾರನಾಗಿ ಕಾಣಿಸಿಕೊಳ್ಳುತ್ತಾನೆ. ಕೊಡಗಿನ ರಾಜನನ್ನು ಪದಚ್ಯುತಗೊಳಿಸಿದ್ದು 1834ರಲ್ಲಿ. ಫೌಲರನ ತೋಟ ಇಪ್ಪತ್ತು ವರ್ಷಗಳ ಅನಂತರದ್ದು. ನಿರ್ಜನವೂ ಅನಾಮಿಕವೂ ಆಗಿದ್ದ ಕಾಡನ್ನು ಸಾಹಸಿಗಳು ಕಂಡುಹಿಡಿದರೆಂಬ ಕಥೆಗೆ ಈ ತೇದಿಗಳು ಒಪ್ಪುವುದಿಲ್ಲ. ಕಾಡಿಗೆ ಹೋಗುವ ದಾರಿಯನ್ನು ಫಿರಂಗಿಗಳು ಮೊದಲು ತೆರೆದುವು. ಕಾಫಿಯ ಸಸಿಗಳು ಆ ಮೇಲೆ ಹೋದುವು.

ಆ ಕಾಡೂ ಪಾಳಾಗಿರಲಿಲ್ಲ. ಮಂಜರಾಬಾದಿನ ಕಾನುಗಳಲ್ಲಿ ಮೆಣಸಿನ ಬಳ್ಳಿಗಳೂ ಬಗನಿಯ ಮರಗಳೂ ಇದ್ದುವು. ಏಲಕ್ಕಿಯ ಮಲೆಗಳಿಂದ ಸರಕಾರಕ್ಕೇ ಹುಟ್ಟುವಳಿಯಿತ್ತು. ಗದ್ದೆಗೆ ಬೇಕಾದ ಸೊಪ್ಪು, ಮನೆಗೆ ಬೇಕಾದ ಸೌದೆ, ದನಗಳಿಗೆ ಬೇಕಾದ ಮೇವು ಇವೆಲ್ಲವೂ ಕಾಡಿನ ಅಂಚಿನಿಂದ ಬರುತ್ತಿದ್ದುವು. ಕೊಡಗಿನಲ್ಲಿ ಗದ್ದೆಗೆ ಸೇರಿದ ಬಾಣೆಗಳೂ ಊರಿಗೆ ಸೇರಿದ ದೇವರಕಾಡುಗಳೂ ಇದ್ದುವು. ಜೇನುಕುರುಬರು, ಬೆಟ್ಟಕುರುಬರು, ಯರವರು, ಹಸಲರು ಮೊದಲಾದವರಿಗೆ ಅರಣ್ಯವೇ ಕಣಜ. ಇವರಾರ ಹಕ್ಕೂ ಎಕರೆಗಳಲ್ಲಿ ಅಳೆಯಲ್ಪಟ್ಟಿರಲಿಲ್ಲವಾಗಿ, ಅಳತೆಯ ಸರಪಳಿಯನ್ನು ಹಿಡಿದು ಬಂದವರಿಗೆ ಅದು ಹಕ್ಕೆಂದೇ ತೋರಲಿಲ್ಲ.

ಈ ಪರಿವರ್ತನೆಯ ಆಡಳಿತಕೇಂದ್ರವು ನಮ್ಮ ಪೇಟೆಯ ಪಕ್ಕದಲ್ಲಿಯೇ ಇದ್ದಿತೆಂಬುದನ್ನು ಬೆಂಗಳೂರಿಗರು ನೆನೆಯತಕ್ಕದ್ದು. 1831ರಲ್ಲಿ ಮೈಸೂರಿನ ಆಳ್ವಿಕೆಯನ್ನು ಬ್ರಿಟಿಷರು ವಹಿಸಿಕೊಂಡ ಮೇಲೆ ಕಮಿಷನರರ ಕಚೇರಿಗಳು ಕೋಟೆಯೊಳಗೆ ಟೀಪುವಿನ ಅರಮನೆಯಲ್ಲಿ ನಡೆದು, 1868ರಲ್ಲಿ ಅಠಾರಾ ಕಚೇರಿಗೆ ಹೋದುವು. ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನ ದೀರ್ಘಾಡಳಿತದಲ್ಲಿ ಕಾಫಿಯ ತೋಟಗಳು ಬೆಳೆದುದು ಆ ಅರಮನೆಯ ಮರದ ಕಂಬಗಳ ನಡುವೆ ನಿರ್ಣಯವಾದ ನೀತಿಯ ಆಶ್ರಯದಲ್ಲಿ. ಮುಂಚೆ ಫಸಲಿನ ಅರ್ಧಭಾಗ ಸರಕಾರದ ಪಾಲಾಗಿದ್ದುದು, ಬಳಿಕ ಮಣಕ್ಕೆ ಒಂದು ರೂಪಾಯಿಯ ಹಾಲತ್ತೆಂಬ ಸುಂಕವಾಗಿ, 1849ರಲ್ಲಿ ನಾಲ್ಕಾಣೆಗೆ ಇಳಿಯಿತು. ಕೊಡಗಿನಲ್ಲಿಯೂ ಕಾಫಿಗಾಗಿ ಹಿಡಿದ ಭೂಮಿಗೆ ಮೊದಲ ಕೆಲವು ವರ್ಷ ಕಂದಾಯವಿಲ್ಲದೆ, ಅನಂತರ ಎಕರೆಗೆ ಒಂದು ರೂಪಾಯಿಯೂ ಮುಂದೆ ಎರಡು ರೂಪಾಯಿಯೂ ನಿಗದಿಯಾಯಿತು. ಬಂಡವಾಳವನ್ನು ಆಹ್ವಾನಿಸುವುದಕ್ಕೆ ಇಂಥ ರಿಯಾಯಿತಿ ಅವಶ್ಯವಾಗಿದ್ದಿರಬಹುದು. ಆದರೆ ಬಯಲುಸೀಮೆಯ ರಾಗಿಯ ರೈತನು ಮಳೆ ಬರಲಿ ಬಾರದಿರಲಿ ಕಂದಾಯ ತೆರುತ್ತಿದ್ದ ಕಾಲದಲ್ಲಿ ಈ ಔದಾರ್ಯವು ಯಾರ ಕಡೆಗೆ ಹರಿಯಿತೆಂಬುದನ್ನು ಗಮನಿಸಬೇಕು.

ಇನ್ನು ದುಡಿದವರ ವಿಚಾರ. ವರ್ಜೀನಿಯಾದಲ್ಲಿ ಆಳನ್ನು ತಂದವನಿಗೆ ನೆಲ ದೊರೆಯಿತು. ಮಲೆನಾಡಿನಲ್ಲಿ ನೆಲ ದೊರೆತವನು ಆಳನ್ನು ಹುಡುಕಿದನು. ಹುಡುಕಿ ತಂದವನು ಮೇಸ್ತ್ರಿ. ತಂದ ಸಾಧನ ಮುಂಗಡ. ಬಯಲುಸೀಮೆಯಿಂದಲೂ ಘಟ್ಟದ ಕೆಳಗಿನಿಂದಲೂ ತಮಿಳುಸೀಮೆಯಿಂದಲೂ ಬಡವರು ಮದುವೆಗೋ ಮನೆಯ ಸಾಲಕ್ಕೋ ಬರಗಾಲದ ಹೊಟ್ಟೆಗೋ ಮುಂಗಡವನ್ನು ಪಡೆದು, ಅದನ್ನು ತೀರಿಸಲು ಘಟ್ಟವನ್ನು ಹತ್ತಿದರು. ಚಳಿಜ್ವರದಲ್ಲಿ ಬಿದ್ದ ದಿನಗಳ ಕೂಲಿ ತಪ್ಪಿ, ಮುಂಗಡ ತೀರದೆ, ಮುಂದಿನ ವರ್ಷಕ್ಕೂ ಲೈನೆಂಬ ಕೂಲಿಗಳ ಸಾಲುಮನೆಯಲ್ಲಿಯೇ ಉಳಿದರು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟನು ಕೆಲಸಕ್ಕೆ ಮರಳುವಂತೆ ಆಜ್ಞಾಪಿಸಿ, ಒಪ್ಪದಿದ್ದರೆ ಮೂರು ತಿಂಗಳವರೆಗೆ ಸೆರೆಗೆ ಕಳುಹಿಸಬಹುದೆಂದು 1859ರ 13ನೆಯ ಕಾಯಿದೆ ಹೇಳಿತು. ಸಾಲಗಾರನಾದ ದೊರೆಯ ಮೇಲೆ ದಿವಾನೀ ದಾವೆ. ಸಾಲಗಾರನಾದ ಕೂಲಿಯ ಮೇಲೆ ಫೌಜುದಾರಿ ಶಿಕ್ಷೆ. 1920ರ ದಶಕದ ನಡುವೆ ಆ ಕಾಯಿದೆ ರದ್ದಾಗುವವರೆಗೆ ತೋಟಗಳ ದುಡಿಮೆಯ ಹಿಂದೆ ಅದರ ನೆರಳಿದ್ದಿತು.

ಇದು ವರ್ಜೀನಿಯಾದ ದಾಸ್ಯಕ್ಕೆ ಸಮಾನವೇ ಎಂದರೆ, ಅಲ್ಲ. ಅಲ್ಲವೆಂದು ಸ್ಪಷ್ಟವಾಗಿ ಹೇಳಬೇಕು. ಕೂಲಿಯನ್ನು ಸಂತೆಯಲ್ಲಿ ಮಾರುತ್ತಿರಲಿಲ್ಲ; ಅವನ ಮಗುವು ಹುಟ್ಟುವಾಗಲೇ ಒಡೆಯನ ಸ್ವತ್ತೆಂದು ಆ ಕಾಯಿದೆ ಹೇಳಲಿಲ್ಲ. ಎರಡು ಅನ್ಯಾಯಗಳನ್ನು ಒಂದೇ ತೂಕಕ್ಕೆ ಹಾಕಿದರೆ ಎರಡನ್ನೂ ಅರಿಯದೆ ಹೋದಂತಾಗುತ್ತದೆ.

ಇಷ್ಟನ್ನು ಹೇಳಿದ ಮೇಲೆ, ಬಿಳಿಯರು ಬರುವ ಮುಂಚಿನ ಮಲೆನಾಡು ಸಮತೆಯ ತವರೆಂದು ಚಿತ್ರಿಸುವ ಪ್ರಲೋಭನೆಯನ್ನೂ ಜಯಿಸಬೇಕಾಗಿದೆ. ಮಂಜರಾಬಾದಿನ ಗೌಡರ ಮನೆಗಳಲ್ಲಿ ಹೊಲೆಯರು ಹುಟ್ಟಾಳು, ಮಣ್ಣಾಳು ಎಂದು ತಲೆಮಾರುಗಳಿಂದ ಕಟ್ಟುಬಿದ್ದಿದ್ದರು. ಕೊಡಗಿನ ಜಮ್ಮಾ ಹಿಡುವಳಿಗಳಲ್ಲಿ ಯರವರು ಭೂಮಿಯೊಡನೆ ಕೈಬದಲಾಗುವ ಆಳುಗಳಾಗಿದ್ದರು. ಕಂಪೆನಿಯ ಪ್ರಾಂತಗಳಲ್ಲಿ ದಾಸ್ಯಕ್ಕೆ ನ್ಯಾಯಾಲಯದ ಮಾನ್ಯತೆಯನ್ನು ತೆಗೆದುಹಾಕಿದ 5ನೆಯ ಕಾಯಿದೆ ಬಂದುದು 1843ರಲ್ಲಿ, ಗ್ರೀನನು ಐಗೂರಿನಲ್ಲಿ ನೆಲ ಹಿಡಿದ ವರ್ಷದಲ್ಲಿಯೇ. ಹಳೆಯ ಒಡೆಯನ ಮನೆಯಿಂದ ದಿನಗೂಲಿ ಕೊಡುವ ತೋಟಕ್ಕೆ ಹೋದ ಮಣ್ಣಾಳಿಗೆ ಅದು ಒಂದು ಬಗೆಯ ಬಿಡುಗಡೆಯೆಂದೇ ಕಂಡಿದ್ದರೆ ಆಶ್ಚರ್ಯವಿಲ್ಲ. ಕಾಸನ್ನು ಕೈಯಲ್ಲಿ ಹಿಡಿಯುವುದು ಅವನಿಗೆ ಹೊಸ ಅನುಭವವಾಗಿತ್ತು. ಆದುದರಿಂದ ನನ್ನ ವಾದವು ಪರದೇಶಿಯ ವಿರುದ್ಧ ಸ್ವದೇಶಿಯ ಪರವಾದ ವಾದವಲ್ಲ. ಹಳೆಯ ಒಡೆಯನ ಕಡತದಲ್ಲಿಯೂ ಹೊಸ ಒಡೆಯನ ಕಡತದಲ್ಲಿಯೂ ದುಡಿದವನಿಗೆ ನೆಲವಿರಲಿಲ್ಲವೆಂಬುದೇ ನಾನು ತೋರಿಸಬೇಕೆಂದಿರುವ ಸತ್ಯ.

ಮೊದಲ ತೋಟಗಾರರ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಬಲವಾದುದು ಅವರ ಸಾಹಸ. ರಸ್ತೆಯಿಲ್ಲದ, ವೈದ್ಯನಿಲ್ಲದ, ವರ್ಷದಲ್ಲಿ ಹಲವು ತಿಂಗಳು ಮಳೆ ಬಿಡದ ಘಟ್ಟದಲ್ಲಿ ಅವರು ಬಾಳಿದರು. ಚಳಿಜ್ವರ ಅವರನ್ನೂ ಬಿಡಲಿಲ್ಲ. 1860ರ ದಶಕದಲ್ಲಿ ಕಾಂಡಕೊರಕ ಹುಳುವು ಚಿಕ್ ಎಂಬ ಹಳೆಯ ತಳಿಯ ತೋಟಗಳನ್ನು ಸಾಲುಸಾಲಾಗಿ ಒಣಗಿಸಿದಾಗ ಎಷ್ಟೋ ಜನರ ಬಂಡವಾಳ ಮಣ್ಣುಪಾಲಾಯಿತು. ಅದನ್ನು ಪರೀಕ್ಷಿಸಲು ಸರಕಾರವು ಜಾರ್ಜ್ ಬಿಡಿ ಎಂಬುವನನ್ನು ನೇಮಿಸಬೇಕಾಯಿತು. ಕೊಡಗಿನ ತಳಿಯ ಬೀಜವನ್ನು ತಂದು ಮೈಸೂರಿನ ತೋಟಗಳನ್ನು ಮತ್ತೆ ಎಬ್ಬಿಸಿದುದು, ನೆರಳುಮರಗಳ ಗುಣವನ್ನು ತಾಳ್ಮೆಯಿಂದ ಪರೀಕ್ಷಿಸಿದುದು, ಇವೆಲ್ಲ ಮೆಚ್ಚತಕ್ಕ ಕೆಲಸಗಳೇ. ಆದರೆ ಅದೇ ಜ್ವರ, ಅದೇ ಮಳೆ, ಅದೇ ಹುಳುವಿನ ಕಾಲದ ನಷ್ಟ ಲೈನಿನ ಗುಡಿಸಲಿಗೂ ಬಂದಿತಷ್ಟೆ. ಹುಳು ತಿಂದ ಗಿಡವನ್ನು ಕಿತ್ತು ಸುಟ್ಟವರೂ, ಗುಂಡಿ ತೋಡಿ ಮತ್ತೆ ಸಸಿಯಿಟ್ಟವರೂ, ಜೀವದ ಹಂಗು ತೊರೆದು ಮರ ಹತ್ತಿ ಮರಗಸಿ ಮಾಡಿದವರೂ ಪುಸ್ತಕ ಬರೆಯಲಿಲ್ಲ. ಸಾಹಸವು ಒಡೆತನಕ್ಕೆ ಆಧಾರವಾಗುವುದಾದರೆ ಸಾಹಸಿಗಳ ಪಟ್ಟಿಯನ್ನು ಪೂರ್ಣವಾಗಿ ಬರೆಯಬೇಕು.

ತರಗುಪೇಟೆಯ ಮಂಡಿಯಲ್ಲಿ ಒಂದು ಚೀಲ ರಾಗಿ ಮಾರಾಟವಾದರೆ, ಬರೆಯುವ ಪಟ್ಟಿಯಲ್ಲಿ ಮಾಲಿನ ಬೆಲೆಯ ಕೆಳಗೆ ದಲಾಲಿಗೆ ಒಂದು ಕಲಮು, ತೂಕಕ್ಕೆ ಒಂದು ಕಲಮು, ಹಮಾಲಿಗೆ ಒಂದು ಕಲಮು ಇರುತ್ತದೆ. ಚೀಲ ಹೊತ್ತವನ ಕೂಲಿ ಅಲ್ಪವಾದರೂ ಅದನ್ನು ಬಿಟ್ಟು ಲೆಕ್ಕ ಮುಗಿಯುವುದಿಲ್ಲ. ತೋಟದ ಚರಿತ್ರೆಯನ್ನು ಬರೆಯುವವರು ಅನುಸರಿಸಬೇಕಾದ ಪ್ರಾಮಾಣಿಕತೆ ಇಷ್ಟೇ.

ಚರಿತ್ರೆಯ ಪುಸ್ತಕದಲ್ಲಿ ಬಿಟ್ಟುಹೋದುದು ಅಲ್ಲಿಗೇ ನಿಲ್ಲುವುದಿಲ್ಲವೆಂಬುದು ನನ್ನ ಚಿಂತೆಗೆ ಮುಖ್ಯ ಕಾರಣ. 1881ರಲ್ಲಿ ದಿವಾನ ರಂಗಾಚಾರ್ಲು ಅವರು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಕಾಫಿ ಬೆಳೆಗಾರರಿಗೆ ಅಲ್ಲಿ ಧ್ವನಿ ದೊರೆತು ಎಲಿಯಟ್ಟನಂಥವರು ತಮ್ಮ ಅಹವಾಲುಗಳನ್ನು ಹೇಳಿದರು. ತೋಟದ ಆಳಿಗೆ ಅಲ್ಲಿ ಸ್ಥಾನವಿರಲಿಲ್ಲ. ಸ್ವಾತಂತ್ರ್ಯಾನಂತರ 1951ರ ತೋಟಕಾರ್ಮಿಕರ ಕಾಯಿದೆಯು ವಸತಿ, ವೈದ್ಯಸಹಾಯ, ಕೂಸುಗಳ ಪಾಲನೆ ಮೊದಲಾದುವನ್ನು ಮಾಲೀಕರ ಕರ್ತವ್ಯವೆಂದು ವಿಧಿಸಿದುದು ದೊಡ್ಡ ಹೆಜ್ಜೆ. ಆದರೆ ಅದು ಕೊಡಿಸಿದುದು ಕೆಲಸವಿರುವವರೆಗಿನ ಸೂರನ್ನು. ಮುಂದೆ 1974ರಲ್ಲಿ ದೇವರಾಜ ಅರಸರ ಸರಕಾರವು ಭೂಸುಧಾರಣೆಯ ಕಾಯಿದೆಯನ್ನು ತಿದ್ದಿ, ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿದಾಗ ಕರ್ನಾಟಕದ ಲಕ್ಷಾಂತರ ಗೇಣಿದಾರರ ಮನೆಗಳಲ್ಲಿ ದೀಪ ಬೆಳಗಿತು. ಆ ಕಾಯಿದೆಯ 104ನೆಯ ಪ್ರಕರಣವು ತೋಟಗಳನ್ನು ಅದರ ಬಹುಮುಖ್ಯ ವಿಧಿಗಳಿಂದ ಹೊರಗಿಟ್ಟಿತು. ದೊಡ್ಡ ತೋಟವನ್ನು ತುಂಡುಮಾಡಿದರೆ ಉತ್ಪತ್ತಿ ಕುಗ್ಗುತ್ತದೆಂಬ ಕಾರಣದಲ್ಲಿ ಅರ್ಥಶಾಸ್ತ್ರದ ಹುರುಳಿಲ್ಲದಿಲ್ಲ; ಆದರೆ ತೋಟವನ್ನು ತುಂಡುಮಾಡದೆಯೂ ದುಡಿಯುವವನಿಗೆ ಮನೆಯ ನಿವೇಶನವನ್ನು ಕೊಡಬಹುದಾಗಿತ್ತೆಂಬುದನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ.

2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ನಡೆದುದು ಆ ಮೌನದ ಫಲ. ತಲೆಮಾರುಗಳಿಂದ ತೋಟದ ಲೈನುಗಳಲ್ಲಿ ಬಾಳಿ, ಸ್ವಂತದ್ದೊಂದು ಗುಡಿಸಲಿರಲೆಂದು ಕಾಡಿನಂಚಿನಲ್ಲಿ ನೆಲೆ ಹೂಡಿದ ಆದಿವಾಸಿಗಳ ನೂರಾರು ಗುಡಿಸಲುಗಳನ್ನು ಅತಿಕ್ರಮವೆಂದು ಕೆಡವಲಾಯಿತು. ನಾಡಿನ ಮನಸ್ಸು ಕಲಕಿ, ದೀರ್ಘ ಹೋರಾಟ ನಡೆದು, ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಮನೆಗಳಾದುವು. ಅದಾದ ಕೆಲವೇ ವರ್ಷಗಳಲ್ಲಿ, ಸರಕಾರೀ ಭೂಮಿಯನ್ನು ಒತ್ತುವರಿ ಮಾಡಿ ಕಾಫಿ ಮೊದಲಾದ ತೋಟದ ಬೆಳೆ ಬೆಳೆದವರಿಗೆ 25 ಎಕರೆಯವರೆಗೆ 30 ವರ್ಷದ ಗುತ್ತಿಗೆ ಕೊಡುವ ಅವಕಾಶವನ್ನು ನಮ್ಮ ರಾಜ್ಯ ಕಲ್ಪಿಸಿತು. ಹೀಗೆ ಬೆಳೆದವರಲ್ಲಿ ಕಷ್ಟಜೀವಿಗಳಾದ ಸಣ್ಣ ಬೆಳೆಗಾರರು ಅನೇಕರಿದ್ದಾರೆ. ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗೂ ಕಡಿಮೆಯವೆಂಬುದನ್ನು ಬಲ್ಲವರಿಗೆ ಅವರ ಮೇಲೆ ಕಟುವಾಗುವ ಮನಸ್ಸು ಬರಲಾರದು. ಆದರೂ ನೆಲವನ್ನು ಹಿಡಿದವನು ತೋಟ ಮಾಡಿದ್ದರೆ ಅವನ ಒತ್ತುವರಿಗೆ ಕಾನೂನಿನ ದಾರಿಯುಂಟು, ಗುಡಿಸಲು ಹಾಕಿದ್ದರೆ ಮೊದಲು ಬರುವುದು ಕೆಡಹುವ ಯಂತ್ರ ಎಂಬ ನೀತಿಯನ್ನು ಯಾವ ತರ್ಕವೂ ಸಮರ್ಥಿಸಲಾರದು. ಕಾನೂನಿನ ಕಣ್ಣಿಗೆ ಬಂಡವಾಳವು ನೆಲವನ್ನು ಪವಿತ್ರಗೊಳಿಸುತ್ತದೆ, ಬೆವರು ಪವಿತ್ರಗೊಳಿಸುವುದಿಲ್ಲ ಎಂದು ಇದರ ಅರ್ಥ. ಫ್ಲವರ್‌ಡ್ಯೂ ತೋಟದ ಗಣತಿಪಟ್ಟಿಯನ್ನು ಬರೆದ ಕೈ ನಂಬಿದ್ದುದೂ ಅದನ್ನೇ.

ಹಾಗಾದರೆ ಆಗಬೇಕಾದುದೇನು? ಇಂದಿನ ಮಾಲೀಕರು ಕ್ರಮವಾಗಿ ಕೊಂಡ ತೋಟಗಳನ್ನು ಕಸಿಯಬೇಕೆಂದು ನಾನು ವಾದಿಸುತ್ತಿಲ್ಲ. ನೂರೆಂಬತ್ತು ವರ್ಷಗಳ ಹಿಂದಿನ ಅನ್ಯಾಯಕ್ಕೆ ಇಂದು ಸಾಲ ಮಾಡಿ ಬೆಳೆ ತೆಗೆಯುವವನನ್ನು ದಂಡಿಸುವುದು ಇನ್ನೊಂದು ಅನ್ಯಾಯವಾದೀತು. ಆದರೆ ಒಂದು ತೋಟದಲ್ಲಿ ತಲೆಮಾರುಗಳು ದುಡಿದ ಕುಟುಂಬಕ್ಕೆ, ಕೆಲಸ ತಪ್ಪಿದರೂ ಮುದುಪಾದರೂ ಯಾರೂ ಎಬ್ಬಿಸಲಾಗದ ಒಂದು ನಿವೇಶನವು ಆ ತೋಟದ ಸಮೀಪದಲ್ಲಿ ಹಕ್ಕಾಗಿ ಸಲ್ಲಬೇಕು. ಅದಕ್ಕೆ ಬೇಕಾದ ನೆಲವನ್ನು, ಒತ್ತುವರಿಗೆ 25 ಎಕರೆಯನ್ನು ಗುತ್ತಿಗೆ ಕೊಡಬಲ್ಲ ಸರಕಾರವು, ಎಕರೆಯ ಸಣ್ಣ ಭಾಗಗಳಲ್ಲಿ ಸುಲಭವಾಗಿ ಒದಗಿಸಬಲ್ಲದು. ಎರಡನೆಯದಾಗಿ, ಹಳೆಯ ತೋಟಗಳ ಬಂಗಲೆಗಳಲ್ಲಿ ಉಳಿದಿರುವ ಹಾಜರಿಯ ಮಸ್ಟರುಗಳು, ಮುಂಗಡದ ಪುಸ್ತಕಗಳು, ಮೇಸ್ತ್ರಿಗಳ ಕರಾರುಗಳು ಗೆದ್ದಲ ಪಾಲಾಗುವ ಮುಂಚೆ ಅವುಗಳನ್ನು ರಾಜ್ಯದ ಪತ್ರಾಗಾರಕ್ಕೆ ತಂದು, ಆ ಹೆಸರುಗಳನ್ನು ಓದಿ ಬರೆಯುವ ವಿದ್ವಾಂಸರನ್ನು ವಿಶ್ವವಿದ್ಯಾನಿಲಯಗಳು ನಿಯೋಜಿಸಬೇಕು. ವರ್ಜೀನಿಯಾದ ಹಳೆಯ ತೋಟಗಳಲ್ಲಿ ಈಗ ಒಡೆಯರ ಕಥೆಯ ಜೊತೆಗೆ ದಾಸರಾಗಿದ್ದವರ ಕಥೆಯನ್ನೂ ಹೇಳತೊಡಗಿದ್ದಾರೆ. ಆ ಕೆಲಸಕ್ಕೆ ನಮಗೆ ಅವರಿಗಿಂತ ಹೆಚ್ಚಿನ ಅನುಕೂಲವಿದೆ, ಏಕೆಂದರೆ ನಮ್ಮಲ್ಲಿ ಹೆಸರುಗಳು ಅನೇಕ ಕಡೆ ಬರೆಯಲ್ಪಟ್ಟಿವೆ, ಓದುವವರು ಮಾತ್ರ ಇಲ್ಲ.

ಬಸವನಗುಡಿಯಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ ಚಾಮರಾಜಪೇಟೆಯಲ್ಲಾಗಲಿ ಬೆಳಗ್ಗೆ ಕಾಫಿಯಿಲ್ಲದೆ ಮಾತು ಹೊರಡುವುದಿಲ್ಲ. ಆ ಕಾಫಿಯ ಬೆಲೆಯಲ್ಲಿ ಮಲೆನಾಡಿನ ಈ ದೀರ್ಘ ಲೆಕ್ಕವೂ ಸೇರಿದೆಯಾದ್ದರಿಂದ ಇದು ದೂರದ ಘಟ್ಟದವರ ವ್ಯವಹಾರವೆಂದು ನಗರವಾಸಿಗಳು ಕೈಬಿಡುವಂತಿಲ್ಲ. ನಿವೇಶನದ ಹಕ್ಕನ್ನು ಶಾಸನವಾಗಿ ಮಾಡುವ ಸಭೆ ಬೆಂಗಳೂರಿನಲ್ಲಿದೆ, ಮಸ್ಟರುಗಳನ್ನು ಕಾಪಾಡಬೇಕಾದ ಪತ್ರಾಗಾರ ಬೆಂಗಳೂರಿನಲ್ಲಿದೆ, ಎರಡನ್ನೂ ಒತ್ತಾಯಿಸಬಲ್ಲ ವಿದ್ಯಾವಂತರೂ ಇಲ್ಲಿಯೇ ಇದ್ದಾರೆ. ತೋಟದ ಮೊದಲ ಒಡೆಯರ ಹೆಸರುಗಳನ್ನು ಅಳಿಸುವುದು ಬೇಡ. ಅವುಗಳ ಜೊತೆಗೆ, ನೆಲವನ್ನು ಕಳೆದುಕೊಂಡವರ ಮತ್ತು ನೆಲವನ್ನು ತೋಟವಾಗಿ ಮಾಡಿದವರ ಹೆಸರುಗಳನ್ನು ಅದೇ ಪುಟದಲ್ಲಿ ಬರೆದು, ಅವರ ಮಕ್ಕಳಿಗೆ ಆ ನೆಲದಲ್ಲಿ ಒಂದು ಮನೆಯ ಹಕ್ಕನ್ನು ಕೊಟ್ಟಾಗ, ಮಲೆನಾಡಿನ ಕಾಫಿಯ ಚರಿತ್ರೆ ಮೊದಲ ಬಾರಿಗೆ ಪೂರ್ಣವಾಗುತ್ತದೆ.